ಗಿರಣಿಯ ಮೇಲಿನ ಇಂಗ್ಲಿಷು

ಹಿಟ್ಟಿನ ಗಿರಣಿಯ ಮೇಲೆ ಇಂಗ್ಲಿಷ್ ಪಾಠ ಮಾಡಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬರೆದಿದ್ದರೆ ಕೈಮೇಷ್ಟ್ರು ಖಂಡಿತ ಓದಿರುತ್ತಿದ್ದರು. ಓದಿಯೂ ಅಲ್ಲೇ ಪಾಠ ಮಾಡುತ್ತಿದ್ದರು, ಅದು ಬೇರೆ ಮಾತು. ಬೇರೆ ಕಡೆ ಜಾಗ ಕೊಡುವವರಾದರೂ ಯಾರು? ದಿನದ ಕೆಲಸ ಮುಗಿಸಿದ ಒಂದು ಹಿಂಡು ಗಂಡಸರು ಹೆಂಗಸರು ಸಂಜೆ ಆರಕ್ಕೆ ಬಂದು, ‘ದಿಸ್ ಈಸ್ ಎ ಬಕೆಟ್’ ಎಂದು ಬೀದಿ ಅದುರುವ ಹಾಗೆ ಬೊಬ್ಬೆ ಹೊಡೆಯುತ್ತಾರೆಂದರೆ ಯಾವ ಮನೆಯೊಡೆಯ ಒಪ್ಪಿಯಾನು? ಒಪ್ಪಿದವನು ಒಬ್ಬನೇ, ಗಿರಣಿಯ ಯಜಮಾನ ಹಿಟ್ಟಣ್ಣ.

ಹಿಟ್ಟಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಮನುಷ್ಯ ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡೇ ಇರುತ್ತಿದ್ದ. ಅವನ ಕೂದಲು ನೆರೆತಿದೆಯೋ ಇಲ್ಲವೋ ಅವನ ಹೆಂಡತಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಬಂದು ಮೇಲಿನ ಕೋಣೆ ಕೇಳಿದ ದಿನ ಅವನು, “ಖಾಲಿ ಬಿದ್ದಿದೆ, ಇಲಿ ಓಡಾಡ್ತವೆ. ಇಲಿಗೆ ಇಂಗ್ಲಿಷ್ ಹೇಳ್ಕೊಟ್ರೂ ನಂದೇನೂ ಅಭ್ಯಂತರ ಇಲ್ಲ” ಎಂದಿದ್ದ. ಅವತ್ತಿನಿಂದ ಬಾಡಿಗೆಯ ಮಾತು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ತಿಂಗಳಿಗೊಮ್ಮೆ ಇವರು ಅವನಿಗೆ ಬಂದ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದರು. ಅಷ್ಟರಲ್ಲೇ ಇಬ್ಬರ ಸ್ನೇಹ ಸಲೀಸಾಗಿ ನಡೆದಿತ್ತು.

ಆದರೆ ಆ ಸದ್ದು! ಕೆಳಗೆ ಕಲ್ಲು ಗರಗರ, ಬೆಲ್ಟು ಪಟಪಟ, ಕಾಳು ಸುರಿಯುವಾಗ ಭೋರ್ ಭೋರ್. ಮೇಲಿನದು ಹಲಗೆಯ ನೆಲ. ಹಲಗೆಗಳ ಸಂದಿಯಿಂದ ಹಿಟ್ಟು ಮೆಲ್ಲಗೆ ಮೇಲೇರಿ ಬರುತ್ತಿತ್ತು. ಪಾಠ ಮುಗಿಸಿ ಮೆಟ್ಟಿಲಿಳಿಯುವಾಗ ಎಲ್ಲರೂ ಒಂದೇ ಗಂಟೆಯಲ್ಲಿ ಮುದುಕರಾದ ಹಾಗೆ ಕಾಣುತ್ತಿದ್ದರು. ಜನ ಗೋಧಿ, ಜೋಳದ ಡಬ್ಬ ಹಿಡಿದು ಬರುವುದೂ ಸಂಜೆ ಆರಕ್ಕೇ, ಕಲಿಯುವವರು ಪುಸ್ತಕ ಹಿಡಿದು ಬರುವುದೂ ಸಂಜೆ ಆರಕ್ಕೇ. ಒಬ್ಬರ ಹೊಟ್ಟೆಪಾಡಿನ ಹೊತ್ತೂ ಇನ್ನೊಬ್ಬರ ವಿದ್ಯೆಯ ಹೊತ್ತೂ ಒಂದೇ ಆಗಿಬಿಟ್ಟರೆ ಯಾರೇನು ಮಾಡಲಾದೀತು?

ಈಗ ಇಂಗ್ಲಿಷಿನ ಒಂದು ಜಂಬದ ವಿಷಯ ಹೇಳಬೇಕು, ಅದು ತಿಳಿಯದಿದ್ದರೆ ಮೇಷ್ಟ್ರ ಕಷ್ಟ ತಿಳಿಯುವುದಿಲ್ಲ. ನಮ್ಮಲ್ಲಿ ನಾಯಿ ಬಂದರೆ ‘ನಾಯಿ ಬಂತು’ ಅಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ನಾಯಿ ಒಂದೇ ಬರುವ ಹಾಗಿಲ್ಲ. ಯಾವುದೋ ಗುರುತಿಲ್ಲದ ನಾಯಿ ಬಂದರೆ ಅದರ ಮುಂದೆ ‘ಎ’ ಬರಬೇಕು. ಮೊನ್ನೆ ಚಪ್ಪಲಿ ಕಚ್ಚಿಕೊಂಡು ಹೋಯಿತಲ್ಲ, ಅದೇ ನಾಯಿ ಮತ್ತೆ ಬಂದರೆ ‘ದಿ’. ನನ್ನದಾದರೆ ‘ಮೈ’, ನಿಮ್ಮದಾದರೆ ‘ಯುವರ್’, ಹಿಂಡು ಹಿಂಡಾಗಿ ಬಂದರೆ ‘ಮೆನಿ’. ಒಂದೂ ಬರದಿದ್ದರೂ ಸುಮ್ಮನಿರುವಂತಿಲ್ಲ, ‘ನೋ’ ಎಂದು ಸೇರಿಸಿ ಬರದೇ ಇದ್ದ ನಾಯಿಯನ್ನೂ ವಾಕ್ಯದೊಳಕ್ಕೆ ಎಳೆದು ತರಬೇಕು. ಹಿಟ್ಟು, ನೀರು, ಸಕ್ಕರೆಯಂಥ ಎಣಿಸಲಾಗದ ಸಾಮಾನುಗಳಂತೂ ‘ಎ’ಯನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುವುದಿಲ್ಲ, ಅವಕ್ಕೆ ‘ಸಮ್’ ಆಗಬೇಕು. ಹಿಟ್ಟಿನ ಮುಂದೆ ‘ಎ’ ಹಾಕಿದವರನ್ನು ಮೇಷ್ಟ್ರು, “ಹೋಗಿ ಕೆಳಗಿಂದ ಒಂದು ಹಿಟ್ಟು ತಗೊಂಬನ್ನಿ. ಒಂದೇ ಒಂದು. ಎರಡು ತಂದೀರಿ ಮತ್ತೆ!” ಎಂದು ಮೆಟ್ಟಿಲಿಳಿಸುತ್ತಿದ್ದರು. ಹೋದವರು ಬೆಪ್ಪಾಗಿ ಬರಿಗೈಯಲ್ಲಿ ಬರುತ್ತಿದ್ದರು, ಆ ಪಾಠ ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಕಷ್ಟವೇನೆಂದರೆ, ಈ ಪದಗಳೆಲ್ಲ ಸಾಸಿವೆಯಷ್ಟು ಸಣ್ಣವು. ಗಿರಣಿಯ ಸದ್ದು ನಾಯಿ, ಬಕೆಟ್ಟು, ಡಾಕ್ಟರು ಇಂಥ ನಾಮಪದಗಳನ್ನು ಬಿಟ್ಟು ‘ಎ’, ‘ದಿ’ಗಳನ್ನೆಲ್ಲ ನುಂಗಿ ನೀರು ಕುಡಿಯುತ್ತಿತ್ತು. ಮೊದಲ ವರ್ಷ ಕಲಿತು ಹೋದವರು ಊರೆಲ್ಲ ಬರೀ ನಾಮಪದ ಬಿಸಾಡುತ್ತಾ ಓಡಾಡಿದರು. “ಬಸ್ ಕಮ್, ಮ್ಯಾನ್ ಫಾಲ್, ಡಾಗ್ ಬೈಟ್.” ಯಾವ ಬಸ್ಸು, ಯಾವ ಮನುಷ್ಯ, ಯಾರ ನಾಯಿ, ದೇವರಿಗೇ ಗೊತ್ತು. ಮೇಷ್ಟ್ರು ಎಷ್ಟೇ ಗಂಟಲು ಹರಿದುಕೊಂಡರೂ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೇ ಆಯಿತು.

ಆಗ ಅವರು ಕೈ ಎತ್ತಿದರು. ಸೋತು ಎತ್ತಿದ್ದಲ್ಲ, ಪಾಠಕ್ಕೆ ಎತ್ತಿದ್ದು. ‘ಎ’ ಅನ್ನುವಾಗ ಒಂದು ಬೆರಳು ಮೇಲಕ್ಕೆ, ಮುಖದಲ್ಲಿ ಯಾವುದೋ ಒಂದು ಎನ್ನುವ ಉದಾಸೀನ. ‘ದಿ’ಗೆ ಇಡೀ ತೋಳು ಚಾಚಿ, ಕಳ್ಳನನ್ನು ಗುರುತು ಹಿಡಿದವರ ಹಾಗೆ ತೋರಿಸುವುದು. ‘ಸಮ್’ಗೆ ಚಿಟಿಕೆ ಉದುರಿಸುವುದು. ‘ನೋ’ಗೆ ಗಾಳಿಯನ್ನು ಅಂಗೈಯಿಂದ ಒರೆಸಿಹಾಕುವುದು. ‘ಮೈ’ಗೆ ಎದೆ ಬಡಿದುಕೊಳ್ಳುವುದು, ‘ಎವ್ರಿ’ಗೆ ತಲೆಯ ಮೇಲೆ ಗಾಣದಂತೆ ಬೆರಳು ತಿರುಗಿಸುವುದು. ನಾಮಪದವನ್ನು ಬಾಯಿ ಹೇಳಬೇಕು, ಅದರ ಮುಂದಿನದನ್ನು ಬಾಯಿಯ ಜೊತೆಗೆ ಕೈಯೂ ಹೇಳಬೇಕು. ಕಿಟಕಿಯಿಂದ ನೋಡಿದವರಿಗೆ ಒಳಗೆ ಜೇನುಹುಳು ನುಗ್ಗಿದೆಯೇನೋ ಅನಿಸುತ್ತಿತ್ತು. ಆದರೆ ಎಲ್ಲರಿಗೂ ಪಾಠ ಹತ್ತಿತು, ಮೇಷ್ಟ್ರು ಕೈಮೇಷ್ಟ್ರಾದರು.

ಹತ್ತಿದ್ದು ಸ್ವಲ್ಪ ಜಾಸ್ತಿಯೇ ಹತ್ತಿತು ಅನ್ನಿ. ಅವರ ಕೈಯಲ್ಲಿ ಕಲಿತವರಿಗೆ ಕೈ ಆಡಿಸದೆ ಇಂಗ್ಲಿಷ್ ಹೊರಡುವುದೇ ಇಲ್ಲ. ಬಸ್ಸಿನ ಡ್ರೈವರ್ ಒಬ್ಬ ಕಲಿತ. ಒಂದು ದಿನ ಪರಊರಿನ ಪ್ರಯಾಣಿಕರೊಬ್ಬರು ದಾರಿಯಲ್ಲಿ ಅವನನ್ನು ಏನೋ ಇಂಗ್ಲಿಷಿನಲ್ಲಿ ಕೇಳಿದರಂತೆ. ಇವನು ಸಂಭ್ರಮದಿಂದ ಎರಡೂ ಕೈ ಬಿಟ್ಟು, ‘ದಿ ಬ್ರಿಡ್ಜ್’, ‘ಎ ರಿವರ್’ ಎಂದು ತೋರಿಸಿದ. ಬಸ್ಸೂ ಅದೇ ಬ್ರಿಡ್ಜನ್ನೂ ಅದೇ ರಿವರನ್ನೂ ತಾನೂ ಹತ್ತಿರದಿಂದ ನೋಡಲು ಹೊರಟಿತು. ಅಂದಿನಿಂದ ಬಸ್ಸಿನ ಯಜಮಾನರು ಸ್ಟೀರಿಂಗ್ ಹಿಡಿದಾಗ ಇಂಗ್ಲಿಷ್ ಆಡಕೂಡದೆಂದು ತಾಕೀತು ಮಾಡಿದ್ದಾರೆ. ಇನ್ನು ಆಸ್ಪತ್ರೆಯ ಆಯಮ್ಮ. ಆಕೆಯ ಎರಡೂ ಕೈಯಲ್ಲಿ ಟ್ರೇ ಇದ್ದರೆ ಬಾಯಲ್ಲಿ ನಾಮಪದ ಮಾತ್ರ ಬರುತ್ತಿತ್ತು. “ಡಾಕ್ಟರ್! ಪೇಷಂಟ್! ಬಾತ್‌ರೂಮ್!” ಎಂದು ಆಕೆ ಕೂಗಿದರೆ ಡಾಕ್ಟರು ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದರು. ಟ್ರೇ ಕೆಳಗಿಟ್ಟು ವ್ಯಾಕರಣ ಸಮೇತ ಹೇಳಿದರೆ, “ಆಮೇಲೆ ಬರ್ತೀನಿ” ಅನ್ನುತ್ತಿದ್ದರು.

ಹೀಗೆ ನಡೆದಿದ್ದಾಗ ಒಂದು ಸಂಜೆ ಮೇಷ್ಟ್ರು ‘ದಿ’ ಎಂದು ತೋಳು ಚಾಚಿದರು, ಬಾಯಿಂದ ಬಾಗಿಲಿನ ಕೀಲು ಕಿರುಗುಟ್ಟಿದ ಹಾಗೆ ಒಂದು ಸದ್ದು ಬಂತು. ಮತ್ತೆ ಪ್ರಯತ್ನಿಸಿದರು, ಅದೂ ಬರಲಿಲ್ಲ. ಆಯಮ್ಮ ಬಿಡಲಿಲ್ಲ, ಮರುದಿನವೇ ಕೈಹಿಡಿದು ಗಂಟಲ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಬಾಯೊಳಗೆ ಕನ್ನಡಿ ಇಟ್ಟು ನೋಡಿ, “ಏನ್ರೀ ಇದು, ಗಂಟಲೋ ಗೋಣಿಚೀಲವೋ? ಹೀಗೇ ಇನ್ನೊಂದು ವರ್ಷ ಕೂಗಿದ್ರೆ ಆಮೇಲೆ ಕೂಗೋಕೆ ದನೀನೇ ಇರಲ್ಲ. ಗಿರಣಿ ಬಿಡಿ, ಇಲ್ಲ ಪಾಠ ಬಿಡಿ” ಎಂದರು.

ಪಾಠ ಬಿಡುವುದೇ! ಮೇಷ್ಟ್ರಿಗೆ ಅನ್ನ ಬಿಡಿ ಅಂದರೂ ಅಷ್ಟು ದುಃಖವಾಗುತ್ತಿರಲಿಲ್ಲ. ಗಿರಣಿ ಬಿಟ್ಟರೆ ಜಾಗವಿಲ್ಲ. ಪಾಠದ ಹೊತ್ತಲ್ಲಿ ಗಿರಣಿ ನಿಲ್ಲಿಸು ಎಂದು ಹಿಟ್ಟಣ್ಣನನ್ನು ಕೇಳುವುದೆಂದರೆ, ಅವನ ವ್ಯಾಪಾರವೆಲ್ಲ ಇರುವುದೇ ಆ ಹೊತ್ತಿನಲ್ಲಿ. ಉಂಡ ಮನೆಗೆ ಎರಡು ಬಗೆಯುವುದುಂಟೇ? ಅದಿರಲಿ ಎಂದು ಆ ಯೋಚನೆಯನ್ನು ಅಲ್ಲಿಗೇ ಒರೆಸಿಹಾಕಿದರು, ಕೈಯಿಂದಲೇ.

ಹೊಸ ದಾರಿ ತೋರಿಸಿದ್ದು ಹೆಂಡತಿ. ಆಕೆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದ ಟೈಲರು. ಮೆಲುದನಿಯ ಹೆಂಗಸು, ಆದರೆ ಒಮ್ಮೆ ಕತ್ತರಿ ಹಾಕಿದರೆ ಹಾಕಿದ್ದೇ. ಅಳತೆ ಕೊಡಲು ಬಂದವರಿಂದ ಆಕೆಗೆ ಒಂದು ಸುದ್ದಿ ಸಿಕ್ಕಿತ್ತು: ಮರಗಳ ಸಾಲಿನ ಒಂದು ನಿಶ್ಶಬ್ದ ಬೀದಿಯಲ್ಲಿದ್ದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರ ಜಾಗ ಖಾಲಿಯಿದೆ. ವಯಸ್ಸಿನ ಮಿತಿ ನೋಡಿದರೆ ಮೇಷ್ಟ್ರಿಗೆ ಇದೇ ಕೊನೆಯ ಸಲ. ಹೆಡ್‌ಮಿಸ್ ಎದುರು ಒಂದು ಪಾಠ ಮಾಡಿ ತೋರಿಸಬೇಕು, ಅಷ್ಟೇ.

“ಅಲ್ಲಿ ಪಿಸುಗುಟ್ಟಿದ್ರೂ ಹಿಂದಿನ ಬೆಂಚಿಗೆ ಕೇಳುತ್ತಂತೆ ಕಣ್ರೀ” ಎಂದಳು ಹೆಂಡತಿ.

“ಏನಂತೆ?” ಎಂದಳು ಮೂಲೆಯಲ್ಲಿದ್ದ ಆಕೆಯ ತಾಯಿ. ಮುದುಕಿಗೆ ಕಿವಿ ಅಷ್ಟಕ್ಕಷ್ಟೆ. ಮಗಳ ಮಾತು ಕೇಳಿಸುತ್ತಿರಲಿಲ್ಲ, ಮಗಳ ಮಕ್ಕಳ ಮಾತು ಕೇಳಿಸುತ್ತಿರಲಿಲ್ಲ, ಅಳಿಯನ ಮಾತು ಮಾತ್ರ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಏಕೆಂದರೆ ಮೇಷ್ಟ್ರು ಮನೆಯಲ್ಲೂ ಗಿರಣಿಯ ದನಿಯಲ್ಲೇ ಮಾತಾಡುತ್ತಿದ್ದರು, ಉಪ್ಪು ಕೇಳಿದರೂ ಪಕ್ಕದ ಮನೆಯವರು ಉಪ್ಪು ತರಬೇಕು, ಹಾಗೆ. “ನಂಗೆ ಮಾನ ಕೊಟ್ಟು ಮಾತಾಡ್ಸೋನು ಈ ಮನೇಲಿ ಅಳಿಯ ಒಬ್ಬನೇ” ಎಂದು ಮುದುಕಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಹೆಂಡತಿಗೆ ಒಂದೇ ಅಂಜಿಕೆ, ಗಂಡನ ಕೈಗಳದ್ದು. ಮೇಷ್ಟ್ರ ಹಳೆಯ ಶಿಷ್ಯನೊಬ್ಬ ಬಟ್ಟೆ ಅಂಗಡಿಯಲ್ಲಿದ್ದ. ಆ ಹೆಡ್‌ಮಿಸ್ ಒಮ್ಮೆ ಅಲ್ಲಿಗೆ ಹೋಗಿದ್ದಾಗ ಅವನು ‘ಯುವರ್ ಬ್ಯಾಗ್’ ಎಂದು ಅವರ ಮೂಗಿನವರೆಗೆ ಬೆರಳು ತಂದು, ‘ಎವ್ರಿ ಕಲರ್’ ಎಂದು ತಲೆಯ ಮೇಲೆ ಗಾಣ ತಿರುಗಿಸಿದ್ದ. “ಇವರು ಇಂಗ್ಲಿಷ್ ಮಾತಾಡ್ತಾರೋ ನೊಣ ಹೊಡೀತಾರೋ?” ಎಂದು ಆ ಮಹಾತಾಯಿ ಕೇಳಿದ್ದು ಹೊಲಿಗೆ ಮಷೀನಿನವರೆಗೂ ಬಂದಿತ್ತು. ಗಂಡನಿಗೆ ಹೇಳಿ ಪ್ರಯೋಜನವಿಲ್ಲ, ಹೇಳಿದರೆ ‘ಇಲ್ಲ ಇಲ್ಲ, ಆಡಿಸಲ್ಲ’ ಎಂದು ಎರಡೂ ಕೈ ಆಡಿಸುತ್ತಾರೆ. ಹಾಗಾಗಿ ಆಕೆ ತನಗೆ ಗೊತ್ತಿದ್ದ ವಿದ್ಯೆಯನ್ನೇ ಉಪಯೋಗಿಸಿದಳು. ಗಂಡನಿಗೊಂದು ಹೊಸ ಕೋಟು ಹೊಲಿದಳು. ಕಂಕುಳಲ್ಲೂ ತೋಳಲ್ಲೂ ಬಟ್ಟೆ ಬಿಗಿ ಹಿಡಿದಳು. ಅದೆಷ್ಟು ಬಿಗಿಯೆಂದರೆ, ಕೈ ಸೊಂಟದಿಂದ ಮೇಲಕ್ಕೆ ಏಳುವ ಹಾಗಿಲ್ಲ.

“ಕಂಕುಳು ಹಿಡೀತಾ ಇದೆಯಲ್ಲೇ!” ಎಂದು ಮೇಷ್ಟ್ರು ಕೂಗಿದರು.

“ಹೊಸದು ಹಾಗೇ ಇರುತ್ತೆ. ಆಮೇಲೆ ಸಡಿಲ ಆಗುತ್ತೆ.”

ಮುದುಕಿ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು” ಎಂದಳು, ಮೆಚ್ಚಿಕೊಂಡೇ.

ಹಿಟ್ಟಣ್ಣನಿಗೆ ಮಾತ್ರ ಮೇಷ್ಟ್ರು ವಿಷಯ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಕೆಳಗೆ ಹೋದರು. ಅವನು ಕಲ್ಲಿನ ಸದ್ದಿಗೆ ಕಿವಿ ಕೊಟ್ಟು, ಹಿಟ್ಟು ನುಣ್ಣಗೆ ಬೀಳುತ್ತಿದೆಯೇ ಎಂದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದ. ಇವರನ್ನು ಕಂಡು, “ಏನಯ್ಯಾ ಮೇಷ್ಟ್ರೇ?” ಎಂದು ಕಿರುಚಿದ. “ಏನಿಲ್ಲ!” ಎಂದು ಇವರೂ ಕಿರುಚಿ ಮೇಲೆ ಬಂದರು. ನಿನ್ನನ್ನು ಬಿಟ್ಟು ಹೋಗುತ್ತೇನೆ ಎನ್ನುವ ಮಾತನ್ನು ಅಷ್ಟು ಗಟ್ಟಿಯಾಗಿ ಹೇಗೆ ಹೇಳುವುದು?

ಆ ದಿನ ಬಂತು. ಸ್ಕೂಲೆಂದರೆ ಸ್ಕೂಲು! ನೆಲದಲ್ಲಿ ಮುಖ ಕಾಣುತ್ತಿತ್ತು, ಗಡಿಯಾರದ ಟಿಕ್‌ಟಿಕ್ ಕೇಳುತ್ತಿತ್ತು. ಮೇಷ್ಟ್ರಿಗೆ ತಮ್ಮ ಚಪ್ಪಲಿಯ ಸದ್ದು ಕೇಳಿಯೇ ಗಾಬರಿಯಾಯಿತು. ಹುಡುಗಿಯರು ಸಾಲಾಗಿ ಕೂತಿದ್ದರು. ಹಿಂದೆ ಹೆಡ್‌ಮಿಸ್, ಅವರ ಪಕ್ಕದಲ್ಲಿ ಕಮಿಟಿಯ ಇಬ್ಬರು. ಮೇಷ್ಟ್ರು ಬೇಕೆಂದೇ ತಮಗೆ ಕರತಲಾಮಲಕವಾದ ಪಾಠ ಆರಿಸಿಕೊಂಡಿದ್ದರು, ನಾಮಪದದ ಮುಂದೆ ಬರುವ ಸಣ್ಣ ಪದಗಳದ್ದು.

“ಗುಡ್ ಮಾರ್ನಿಂಗ್!” ಎಂದರು. ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಮೊದಲ ಬೆಂಚಿನ ಹುಡುಗಿ ಕಿವಿ ಮುಚ್ಚಿಕೊಂಡಳು. ದನಿ ಇಳಿಸಬೇಕೆಂದು ಹೆಂಡತಿ ಹೇಳಿದ್ದು ನೆನಪಾಗಿ ಇಳಿಸಿದರು. ಆಮೇಲೆ ‘ದಿ ಸನ್’ ಎಂದು ಹೇಳಲು ತೋಳೆತ್ತಿದರು.

ತೋಳು ಏಳಲಿಲ್ಲ. ಇನ್ನೊಮ್ಮೆ ಎತ್ತಿದರು, ಕೋಟು ಹಿಂದಕ್ಕೆ ಎಳೆಯಿತು. ಬಾಯಿಂದ ಬಂದದ್ದು “ಸನ್” ಅಷ್ಟೇ. ‘ಎ’ಗೆ ಬೆರಳೆತ್ತಲು ಹೋದರೆ ಬೆರಳು ಸೊಂಟದ ಹತ್ತಿರವೇ ಎದ್ದು, ಯಾರಿಗೂ ಕಾಣದೆ ಅಲ್ಲೇ ಇಳಿಯಿತು. “ಬಾಯ್... ಸೀ... ಡಾಗ್” ಎಂದರು. ಇಷ್ಟು ವರ್ಷ ನಾಮಪದ ಬಾಯಲ್ಲಿ, ಅದರ ಮುಂದಿನದು ಕೈಯಲ್ಲಿ ಎಂದು ಕಲಿಸಿ ಕಲಿಸಿ, ಮೇಷ್ಟ್ರಿಗೇ ಕೈ ಏಳದೆ ‘ದಿ’ ಹೊರಡದಂತಾಗಿತ್ತು! ಈ ಸಂಗತಿ ಅವರಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಬೇರೆ ಯಾರಾದರೂ ಹೊಲಿದ ಕೋಟಾಗಿದ್ದರೆ ಪರ್‍ರೆಂದು ಹರಿದು ಮೇಷ್ಟ್ರು ಉಳಿದುಕೊಳ್ಳುತ್ತಿದ್ದರು. ಹೆಂಡತಿಯ ಹೊಲಿಗೆ ಅದು, ಒಂದು ಎಳೆ ಬಿಚ್ಚಲಿಲ್ಲ.

ಹುಡುಗಿಯರು ಮೊದಲು ಕಿಸಕ್ಕೆಂದರು, ಆಮೇಲೆ ನಗು ತಡೆಯಲಾರದೆ ಡೆಸ್ಕಿನ ಕೆಳಗೆ ತಲೆ ಹಾಕಿದರು. ಹೆಡ್‌ಮಿಸ್ ಕೆಟ್ಟವರಲ್ಲ, ಎದ್ದು ಬಂದು ನೀರು ಕೊಟ್ಟರು. “ಸಾಕು ಸರ್. ನಿಮ್ಮ ಗಂಟಲು ಸರಿಯಿಲ್ಲ, ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ” ಎಂದರು. ಬೇಡ ಎನ್ನುವುದನ್ನು ಅಷ್ಟು ಮರ್ಯಾದೆಯಿಂದ ಹೇಳಿಸಿಕೊಂಡದ್ದು ಮೇಷ್ಟ್ರಿಗೆ ಇನ್ನೂ ಉರಿಯಿತು.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಹೆಂಡತಿಯ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು.

“ರೀ, ನಾನೇ ಕಣ್ರೀ. ಬೇಕೂಂತಲೇ ಬಿಗಿ ಹಿಡಿದೆ. ಕೈ ಆಡಿಸಿ ನಗೆಪಾಟಲಾಗ್ತೀರಿ ಅಂತ ಹೆದರ್ಕೊಂಡೆ. ನಾನೇ ನಿಮ್ಮ ಕೈ ಕಟ್ಟಿಹಾಕಿ ಕಳಿಸಿಬಿಟ್ಟೆ” ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಮೇಷ್ಟ್ರಿಗೆ ಸಿಟ್ಟು ಬಂದದ್ದು ನಿಜ, ಸುಳ್ಳು ಯಾಕೆ ಹೇಳಲಿ? ಒಂದು ಲೋಟ ಎತ್ತಿ ಒಗೆಯೋಣವೆಂದುಕೊಂಡರು, ಕೋಟು ಬಿಡಲಿಲ್ಲ. ಅದನ್ನು ಕಂಡು ಅವರಿಗೇ ನಗು ಬಂತು. “ಹೋಗ್ಲಿ ಬಿಡೇ. ಹೊಲಿದ್ರೆ ಹೀಗೆ ಹೊಲೀಬೇಕು” ಎಂದರು. ಹೇಳುವಾಗ ದನಿ ಅರ್ಧದಲ್ಲೇ ಹಾರಿಹೋಯಿತು. ಮುದುಕಿ ಮೂಲೆಯಿಂದ, “ಏನಂದ? ಅಳಿಯ ಏನಂದ?” ಎಂದು ಕೇಳಿದಳು. ಆ ಮನೆಯಲ್ಲಿ ಮೊದಲ ಸಲ ಮುದುಕಿಗೆ ಅಳಿಯನ ಮಾತು ಕೇಳಿಸಿರಲಿಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು, ಇಬ್ಬರಿಗೂ ಹೆದರಿಕೆಯಾಯಿತು.

ಮರುದಿನ ಸಂಜೆ ಮೇಷ್ಟ್ರು ಹಳೆಯ ಅಂಗಿ ಹಾಕಿಕೊಂಡು ಗಿರಣಿಯ ಮೆಟ್ಟಿಲು ಹತ್ತಿದರು. ಇವತ್ತೊಂದು ದಿನ ಪಾಠ ಮಾಡಿ, ಇನ್ನು ಬರಬೇಡಿ ಎಂದು ಎಲ್ಲರಿಗೂ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದರು. ಇರುವ ಚೂರು ದನಿಯನ್ನು ಅದಕ್ಕೇ ಉಳಿಸಿಕೊಂಡಿದ್ದರು. ಆಯಮ್ಮ, ಡ್ರೈವರು, ಎಲ್ಲರೂ ಬಂದು ಕೂತರು. ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗೆ ಕಲ್ಲು ಗರ್‍ರೆಂದು ನಿಧಾನವಾಯಿತು, ಬೆಲ್ಟು ಪಟ್ಟೆಂದಿತು, ಎಲ್ಲ ನಿಂತುಹೋಯಿತು.

ಮೇಷ್ಟ್ರು ದಡದಡ ಇಳಿದು ಹೋದರು. ಹಿಟ್ಟಣ್ಣ ಮೂಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಡಬ್ಬ ಹಿಡಿದ ಜನ ಗೊಣಗುಟ್ಟುತ್ತಾ ನಿಂತಿದ್ದರು.

“ಕರೆಂಟ್ ಹೋಯ್ತಾ?”

“ಇಲ್ಲ.”

“ಬೆಲ್ಟ್ ಕಿತ್ತೋಯ್ತಾ?”

“ನಿನ್ನ ಬಾಯಿಗಷ್ಟು! ನೆಟ್ಟಗಿದೆ. ನಾನೇ ನಿಲ್ಸಿದೆ. ಇನ್ಮೇಲೆ ದಿನಾ ಆರರಿಂದ ಏಳು ನಿಲ್ಲುತ್ತೆ. ಏಳರ ಮೇಲೆ ಬೀಸ್ತೀನಿ.”

“ಅಲ್ಲಯ್ಯ, ವ್ಯಾಪಾರ? ನಿನಗೆ ತಲೆ ಕೆಟ್ಟಿದ್ಯಾ?”

“ಬೆಳಿಗ್ಗೆ ನಿನ್ನ ಹೆಂಡತಿ ಗೋಧಿ ಬೀಸೋಕೆ ಅಂತ ಡಬ್ಬ ಹಿಡ್ಕೊಂಡು ಬಂದಿದ್ದಳು. ಡಬ್ಬದಲ್ಲಿ ಗೋಧೀನೇ ಇರ್ಲಿಲ್ಲ” ಎಂದ ಹಿಟ್ಟಣ್ಣ. “ಆಕೆ ದನಿ ಈ ಸದ್ದಲ್ಲಿ ಎಲ್ಲಿ ಕೇಳ್ಬೇಕು? ಗಂಟಲು ಮುಟ್ಟಿ ತೋರಿಸಿದಳು, ಹೆಣ್ಮಕ್ಕಳ ಸ್ಕೂಲಿನ ಕಡೆ ತೋಳು ಚಾಚಿದಳು, ಮೇಲಿನ ಕೋಣೆ ತೋರಿಸಿದಳು, ಆಮೇಲೆ ಹೀಗೆ” ಎಂದು ಅಂಗೈಯಿಂದ ಗಾಳಿ ಒರೆಸಿದ. “ಎಲ್ಲಾ ಅರ್ಥ ಆಯ್ತು. ನಿಮ್ಮ ಮನೇವ್ರೆಲ್ಲ ಕೈಯಲ್ಲೇ ಮಾತಾಡ್ತೀರಲ್ಲಯ್ಯ! ನೀನೊಬ್ಬ ಮಾತ್ರ ಆ ಸ್ಕೂಲಿನ ವಿಷಯ ಬಾಯಲ್ಲೂ ಹೇಳ್ಲಿಲ್ಲ, ಕೈಯಲ್ಲೂ ಹೇಳ್ಲಿಲ್ಲ. ಹೋಗು, ಪಾಠ ಮಾಡು. ಇವರಿಗೆಲ್ಲ ನಾನು ಹೇಳ್ಕೊತೀನಿ.”

ಮೇಷ್ಟ್ರಿಗೆ ಅಳು ಬಂತು. ಮುಖ ತಿರುಗಿಸಿಕೊಂಡು ಮೆಟ್ಟಿಲು ಹತ್ತಿದರು. ಮೇಲೆ ನಿಂತು, ಕಿರುಚುವ ದನಿ ಇಲ್ಲದ್ದರಿಂದ ಇದ್ದ ದನಿಯಲ್ಲೇ, ಮೆಲ್ಲಗೆ ಪಾಠ ಶುರು ಮಾಡಿದರು. ಅಭ್ಯಾಸಬಲದಿಂದ ಕೈಗಳು ಎದ್ದವು, ‘ಎ’ ಬಂತು, ‘ದಿ’ ಬಂತು, ಚಿಟಿಕೆ ಉದುರಿಸಿ ‘ಸಮ್’ ಬಂತು. ಎಲ್ಲವೂ ಬಾಯಿಂದಲೂ ಬಂದವು, ಎಲ್ಲರಿಗೂ ಕೇಳಿಸಿದವು. ಶಿಷ್ಯರು ಮಾತ್ರ ಮೊದಲಿನ ಹಾಗೇ ಸೂರು ಹಾರಿಹೋಗುವಂತೆ ಉತ್ತರ ಕೊಟ್ಟರು. “ಮೆಲ್ಲಗೆ, ಮೆಲ್ಲಗೆ” ಎಂದು ಮೇಷ್ಟ್ರು ಕೈಯಿಂದ ಅವರ ದನಿಯನ್ನು ಕೆಳಕ್ಕೆ ಒತ್ತಿದರು. ಕೆಳಗಿನ ಗೊಣಗಾಟ ಯಾವಾಗಲೋ ನಿಂತಿತ್ತು. ಹಲಗೆಯ ಸಂದಿಯಿಂದ ಇವತ್ತು ಹಿಟ್ಟು ಬರಲಿಲ್ಲ, ಡಬ್ಬ ಹಿಡಿದ ಹೆಂಗಸರು ತಪ್ಪು ತಪ್ಪಾಗಿ ಪಾಠ ಒಪ್ಪಿಸುವ ಸದ್ದು ಬಂತು.

ಪಾಠದ ನಡುವೆ ಮೆಟ್ಟಿಲಿನ ಮೇಲೆ ಹೆಜ್ಜೆ ಕೇಳಿಸಿತು. ಹಿಟ್ಟಣ್ಣ ಬಾಗಿಲಲ್ಲಿ ಬಂದು ನಿಂತ. ಈ ಕೋಣೆಗೆ ಅವನು ಪಾಠದ ಹೊತ್ತಿನಲ್ಲಿ ಎಂದೂ ಬಂದವನಲ್ಲ, ಕೆಳಗೆ ಕಲ್ಲು ಬಿಟ್ಟು ಅಲ್ಲಾಡುವ ಹಾಗೇ ಇರಲಿಲ್ಲ. ಮೇಷ್ಟ್ರು ಮಾತು ನಿಲ್ಲಿಸಿದರು.

“ನಿಲ್ಲಿಸ್ಬೇಡ, ಹೇಳು. ಇದಾ ನಿನ್ನ ದನಿ?” ಎಂದು ಅವನೂ ಮೆಲ್ಲಗೇ ಕೇಳಿದ. “ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೀವಿ, ಇವತ್ತು ಕೇಳ್ತಾ ಇದೀನಿ ಕಣಯ್ಯ. ಎಷ್ಟು ಚೆನ್ನಾಗಿದೆ! ಗಿರಣಿ ನಿಲ್ಸು ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ?”